ಮೊದಲ ತುತ್ತು ಬೆಂಕಿಗೆ

ಫಾಲೋಫೀಲ್ಡ್, ಮ್ಯಾಂಚೆಸ್ಟರ್
೯ ಅಕ್ಟೋಬರ್ ೨೦೨೧

ಅಪ್ಪನಿಗೆ ಯಾಮಿನಿಯ ನಮಸ್ಕಾರಗಳು.

ಮೊದಲು ‘ತೀರ್ಥರೂಪ’ ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಅಮ್ಮ ಇದ್ದಿದ್ದರೆ ಬೇರೆ ಹಾಳೆ ತಗೊಂಡು ಮೊದಲಿನಿಂದ ಬರೆ ಎನ್ನುತ್ತಿದ್ದಳು. ಭಾನುವಾರ ಮಧ್ಯಾಹ್ನ ಕೂರಿಸಿ ಅವಳು ಕಲಿಸಿದ ಕನ್ನಡ ನನ್ನ ಕೈಯಲ್ಲಿ ಉಳಿದಿದೆ, ಬಾಯಲ್ಲಿ ಉಳಿದಿಲ್ಲ. ಫೋನಿನಲ್ಲಿ ನೀವು ಕನ್ನಡದಲ್ಲಿ ಕೇಳುತ್ತೀರಿ, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೇನೆ, ಚಳಿಯ ಬಗ್ಗೆ ನಾಲ್ಕು ಮಾತಾಡಿ ಇಬ್ಬರೂ ಇಟ್ಟುಬಿಡುತ್ತೇವೆ. ಅಮ್ಮ ಹೋದ ಮೇಲೆ ನಮಗೆ ಫೋನು ಒಗ್ಗುತ್ತಿಲ್ಲ. ಅದಕ್ಕೇ ಈ ಕಾಗದ.

ನನ್ನ ಪಿಎಚ್.ಡಿ. ವಿಷಯ ಕೊನೆಗೂ ಗಟ್ಟಿಯಾಯಿತು. ಯುಕಾಘಿರ್ ಎಂಬ ಭಾಷೆ. ಸೈಬೀರಿಯಾದ ಈಶಾನ್ಯ ಮೂಲೆಯಲ್ಲಿ ಕೋಲಿಮಾ ಎಂಬ ನದಿ ಇದೆ, ಆ ಸೀಮೆಯ ಬೇಟೆಗಾರರ ಮಾತು. ಕಾಡಿನವರದು ಒಂದು ಬಗೆ, ಇನ್ನೂ ಉತ್ತರದ ಹಿಮಬಯಲಿನವರದು ಇನ್ನೊಂದು. ನಾನು ಹಿಡಿದಿರುವುದು ಕಾಡಿನವರದನ್ನು. ಅದನ್ನು ಮನೆಮಾತಾಗಿ ಆಡಬಲ್ಲವರು ಈಗ ಬೆರಳೆಣಿಕೆಯಷ್ಟು, ಅವರೂ ಹಣ್ಣು ಹಣ್ಣು ಮುದುಕರು.

ಸದ್ಯಕ್ಕೆ ಅಲ್ಲಿಗೆ ಹೋಗುವ ದಾರಿಯಿಲ್ಲ. ಹಳೆಯ ರೆಕಾರ್ಡಿಂಗುಗಳೇ ಗತಿ. ನನ್ನ ಪಾಲಿಗೆ ಬಂದದ್ದು ಒಬ್ಬ ಅಜ್ಜಿ. ಎಂಬತ್ತರ ದಶಕದಲ್ಲಿ ಯಾರೋ ಅವಳ ಮನೆಯಲ್ಲಿ ಕೂತು ಟೇಪು ಮಾಡಿದ್ದಾರೆ. ಕೇಳಿದವರ ಪ್ರಶ್ನೆಗಳನ್ನು ಅಳಿಸಿ ಅವಳ ಉತ್ತರ ಮಾತ್ರ ಇಟ್ಟಿದ್ದಾರೆ. ಹಾಗಾಗಿ ಅವಳು ಒಂದು ಮಾತು ಹೇಳುತ್ತಾಳೆ, ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ, ಆಮೇಲೆ ಇನ್ನೊಂದು ಮಾತು. ಹಿಂದೆ ಒಲೆಯಲ್ಲಿ ಸೌದೆ ಚಟಪಟ ಎನ್ನುವುದು ಕೇಳಿಸುತ್ತದೆ. “ಬೆಂಕಿಯೊಳಗೆ ಅಜ್ಜಿ ಇದ್ದಾಳೆ, ಮೊದಲ ತುತ್ತು ಅವಳದು” ಎನ್ನುತ್ತಾ ಅವಳು ತಿನ್ನುವ ಮೊದಲು ಒಲೆಗೆ ಏನೋ ಎಸೆಯುತ್ತಾಳೆ.

ಆ ಜನರ ನಂಬಿಕೆಯಲ್ಲಿ ಸತ್ತವರು ತಮ್ಮ ಬಳಗದಲ್ಲೇ ಮತ್ತೆ ಹುಟ್ಟಿ ಬರುತ್ತಾರೆ. ಮಗು ಹುಟ್ಟಿದರೆ ಬಂದದ್ದು ಯಾರು ಎಂದು ಗುರುತು ಹಿಡಿದು ಅವರ ಹೆಸರನ್ನೇ ಇಡುತ್ತಾರೆ. ಟೇಪಿನ ಈ ಅಜ್ಜಿಗೆ ಮಕ್ಕಳಿಲ್ಲ, ಬಂಧುಗಳೆಲ್ಲ ಅವಳಿಗಿಂತ ಮೊದಲೇ ತೀರಿಕೊಂಡಿದ್ದರು. ಒಂದು ಕಡೆ ಕೇಳುತ್ತಾಳೆ, “ನನ್ನವರು ಯಾರೂ ಉಳಿದಿಲ್ಲ. ನಾನು ಯಾರ ಮನೆಗೆ ಬರಲಿ?” ಅದಾದ ಮೇಲೆ ಬಹಳ ಹೊತ್ತು ಟೇಪಿನಲ್ಲಿ ಸೌದೆಯ ಸದ್ದು ಮಾತ್ರ.

ಔಷಧಿ ತಪ್ಪಿಸಬೇಡಿ.

ಯಾಮಿನಿ


ಸಟನ್ ಕೋಲ್ಡ್‌ಫೀಲ್ಡ್
೧೭ ಅಕ್ಟೋಬರ್ ೨೦೨೧

ಚಿ. ಯಾಮಿನಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನ ಜೊತೆ ಬಿದ್ದಿತ್ತು. ಅಕ್ಷರ ನೋಡಿ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ, ಥೇಟ್ ನಿನ್ನ ಅಮ್ಮನದೇ ಬರಹ. ಒಳಗೆ ತೆರೆದ ಮೇಲೆ ತಪ್ಪುಗಳನ್ನು ನೋಡಿ ನೀನೇ ಎಂದು ಖಾತ್ರಿಯಾಯಿತು.

ಬೆರಳೆಣಿಕೆಯ ಜನ ಆಡುವ ಭಾಷೆ ಕಲಿತು ಯಾರ ಜೊತೆ ಜಗಳ ಆಡುತ್ತೀಯವ್ವ? ಪಕ್ಕದ ಮನೆ ಶೋಭಾ ನಿನ್ನೆ ಕೇಳಿದರು, “ಮಗಳು ಏನ್ ಓದ್ತಿದಾಳೆ ಡಾಕ್ಟ್ರೇ?” ಸೈಬೀರಿಯಾದ ಅಜ್ಜಿಯ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದಾಳೆ ಎಂದೆ. “ಅದಕ್ಕೆ ಸ್ಕೋಪ್ ಇದ್ಯಾ?” ಎಂದರು. ಗಂಡ ಸಾತ್ವಿಕನನ್ನು ಲಫ್‌ಬರೋದಲ್ಲಿ ಇಂಜಿನ್ನುಗಳ ಜೊತೆ ಬಿಟ್ಟು ಮ್ಯಾಂಚೆಸ್ಟರಿನಲ್ಲಿ ಕೂತಿದ್ದೀಯೆಂದರೆ ಇರಲೇಬೇಕು ಎಂದು ನಾನೇ ನಿನ್ನ ಪರ ವಹಿಸಿದೆ.

ಒಂದು ಮಾತು ಹೇಳುತ್ತೇನೆ. ಜನರ ಬಾಯಿ ಮುಚ್ಚಿಸುವುದೇ ನನ್ನ ಕೆಲಸ. ಅರಿವಳಿಕೆ ಕೊಟ್ಟವನಿಗೆ ರೋಗಿಯ ಕೊನೆಯ ಮಾತೂ ಗೊತ್ತು, ಎಚ್ಚರವಾದಾಗಿನ ಮೊದಲ ಮಾತೂ ಗೊತ್ತು. ಐವತ್ತು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿದ್ದವರು ಕಣ್ಣು ಬಿಡುವಾಗ ಪಂಜಾಬಿಯಲ್ಲಿ, ಪೋಲಿಷಿನಲ್ಲಿ ನೀರು ಕೇಳುತ್ತಾರೆ. ಮೇಲೆ ಮೇಲೆ ಕಲಿತದ್ದೆಲ್ಲ ಆಮೇಲೆ ಬರುತ್ತದೆ. ನಿನ್ನ ಅಮ್ಮ ಕೊನೆಯ ವಾರ ಆ ಐರಿಷ್ ನರ್ಸಿಗೆ “ಸ್ವಲ್ಪ ಆಕಡೆ ಸರಿಯವಾ, ಗಾಳಿ ಬರವಲ್ದು” ಎಂದದ್ದು ನೆನಪಿದೆಯೇ? ಅವಳು ಸರಿದಳು ಕೂಡ.

ಇನ್ನೊಂದು, ಬರೀ ಕುತೂಹಲಕ್ಕೆ ಕೇಳುತ್ತಿದ್ದೇನೆ. ಹೋದವರು ಮರಳಿ ಬರುವುದಕ್ಕೆ ಆ ಜನರ ಲೆಕ್ಕದಲ್ಲಿ ಎಷ್ಟು ಕಾಲ ಹಿಡಿಯುತ್ತದೆ? ಗೊತ್ತಾದರೆ ಬರೆ. ಗಡಿಬಿಡಿಯಿಲ್ಲ.

ನಿನ್ನ ಅಪ್ಪ,
ಜಗದೀಶ


ಫಾಲೋಫೀಲ್ಡ್
೨೨ ಜನವರಿ ೨೦೨೨

ಅಪ್ಪನಿಗೆ ನಮಸ್ಕಾರ.

ನಿಮ್ಮ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.

ಪಾಠ ಮುಂದುವರಿದಿದೆ. ಬೆಳಿಗ್ಗೆ ವಿಲ್ಮ್‌ಸ್ಲೋ ರಸ್ತೆಯ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಯೂನಿವರ್ಸಿಟಿ ಬರುವವರೆಗೂ ಅಜ್ಜಿ. ಈಗ ನನಗೆ ಅರ್ಧಕ್ಕರ್ಧ ಅರ್ಥವಾಗುತ್ತದೆ. ಅವಳು ಹೇಳಿದ್ದನ್ನೇ ನಾನೂ ಹೇಳಿ ನಾಲಿಗೆ ತಿರುಗಿಸುತ್ತಿದ್ದೆ. ಅವಳ ಮಾತಿನ ನಡುವಿನ ಬಿಡುವು ಅದಕ್ಕೆ ಸರಿಯಾಗಿ ಸಾಕಾಗುತ್ತಿತ್ತು.

ಈಚೆಗೆ ಬರೀ ಹೇಳಿದ್ದನ್ನೇ ಹೇಳುವುದು ಬೇಸರವಾಗಿ ಉತ್ತರ ಕೊಡಲು ಶುರು ಮಾಡಿದೆ. “ಈ ವರ್ಷ ಮೀನು ಕಡಿಮೆ” ಎಂದರೆ “ಹೌದಾ, ಪಾಪ” ಎನ್ನುವುದು. ಹಾಗೆ ಮಾತಾಡುವಾಗ ಒಂದು ಇರುಸುಮುರುಸು. ಅಷ್ಟು ವಯಸ್ಸಾದವಳನ್ನು ಏನೂ ಕರೆಯದೆ ಮೊಂಡು ಮೊಂಡಾಗಿ ಮಾತಾಡುವುದು ಹೇಗೆ? ಅಮ್ಮ ನಮ್ಮ ಹಾಲಿನವನನ್ನು ಅಂಕಲ್ ಮಾಡಿದ್ದಳು. ಶಾಲೆಯ ಮುಂದೆ ರಸ್ತೆ ದಾಟಿಸುತ್ತಿದ್ದ ಮಾರ್ಗರೆಟ್ ನನಗೆ ಮಾರ್ಗರೆಟ್ ಅಜ್ಜಿ. ಅದೇ ರೂಢಿ. ಇವಳ ಭಾಷೆಯಲ್ಲಿ ಅಜ್ಜಿಗೆ ‘ಎಪಿಯೆ’ ಎನ್ನುತ್ತಾರೆ. ಹಾಗೇ ಕರೆದೆ.

“ನಾನು ಯಾರ ಮನೆಗೆ ಬರಲಿ?” ಎನ್ನುವ ಜಾಗ ಬಂದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ, ನಮ್ಮ ಮನೆಗೆ ಬಾ ಎಪಿಯೆ, ಎಂದು. ಯಾರಾದರೂ ಹಾಗೆ ಕೇಳಿದರೆ ಇನ್ನೇನು ಹೇಳುತ್ತಾರೆ?

ಅವತ್ತಿನಿಂದ ಆ ಬಿಡುವು ಬೇರೆಯಾಗಿದೆ ಅಪ್ಪ. ಕಂಪ್ಯೂಟರಿನಲ್ಲಿ ಅಳೆದು ನೋಡಿದೆ, ಒಂದು ಚೂರೂ ಹೆಚ್ಚಾಗಿಲ್ಲ. ಆದರೆ ಮೊದಲು ಅದರಲ್ಲಿ ಏನೂ ಇರಲಿಲ್ಲ, ಈಗ ಯಾರೋ ಕಿವಿಗೊಟ್ಟು ಕೂತಂತೆ ಅನ್ನಿಸುತ್ತದೆ. ನಾನು ಮಾತು ಮುಗಿಸುವ ತನಕ ಅವಳು ಉಸಿರು ಬಿಗಿಹಿಡಿದಿರುತ್ತಾಳೆ. ಮುಗಿದ ಮೇಲೆ ಬಿಡುತ್ತಾಳೆ. ಅದು ನನಗೆ ಕೇಳಿಸುತ್ತದೆ. ಪಕ್ಕದ ಸೀಟಿನವರಿಗೆ ಹೆಡ್‌ಫೋನ್ ಕೊಟ್ಟು ಕೇಳೋಣವೆನ್ನಿಸಿತ್ತು, ಹುಚ್ಚಿ ಎಂದಾರೆಂದು ಸುಮ್ಮನಾದೆ.

ಯಾಮಿನಿ


ಸಟನ್ ಕೋಲ್ಡ್‌ಫೀಲ್ಡ್
೩೦ ಜನವರಿ ೨೦೨೨

ಚಿ. ಯಾಮಿನಿಗೆ ಆಶೀರ್ವಾದಗಳು.

ಸರಿಯಾಗಿ ನಿದ್ದೆ ಮಾಡು. ಕಬ್ಬಿಣಾಂಶದ ಟೆಸ್ಟ್ ಮಾಡಿಸು, ನಿನ್ನ ಜಿ.ಪಿ. ಡಾಕ್ಟರಿಗೆ ನಾನೇ ಹೇಳಲೇ? ಶನಿವಾರ ಸಾತ್ವಿಕ್ ಬಂದಾಗ ಆ ಹೆಡ್‌ಫೋನ್ ಬೀರುವಿನಲ್ಲಿಟ್ಟು ಇಬ್ಬರೂ ಎಲ್ಲಾದರೂ ತಿರುಗಾಡಿ ಬನ್ನಿ.

ನಾನೂ ದಿನಾ ನಿನ್ನ ಅಮ್ಮನ ಫೋಟೋದ ಜೊತೆ ಮಾತಾಡುತ್ತೇನೆ. ಆಕೆ ಉತ್ತರ ಕೊಡುವುದಿಲ್ಲ. ಅದು ಆರೋಗ್ಯದ ಲಕ್ಷಣ ಎಂದು ತಿಳಿದುಕೊಂಡಿದ್ದೇನೆ.

ಅಪ್ಪ


ಫಾಲೋಫೀಲ್ಡ್
೮ ಮೇ ೨೦೨೨

ಅಪ್ಪನಿಗೆ,

ಇದನ್ನು ಫೋನಿನಲ್ಲಿ ಹೇಳಬೇಕಿತ್ತು. ಸಾತ್ವಿಕ್ ಕೂಡ ಹಾಗೇ ಅಂದ. ಆದರೆ ನೀವು ಒಬ್ಬರೇ ಕೂತು ಓದಲಿ, ಬೇಕಾದರೆ ಅಳಲಿ ಎಂದು ಬರೆಯುತ್ತಿದ್ದೇನೆ. ನೀವು ಅಜ್ಜ ಆಗುತ್ತೀರಿ. ನವೆಂಬರಿನಲ್ಲಿ.

ನಾನು ಚೆನ್ನಾಗಿದ್ದೇನೆ. ಒಂದೇ ತಮಾಷೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಿಮ್ಮ ಮಗಳು ಮೊನ್ನೆ ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ಮುಂದೆ ನಿಂತುಬಿಟ್ಟಿದ್ದಳು. ಮೀನು ಬೇಕು ಅಪ್ಪ. ಬೇಯಿಸಿದ್ದಲ್ಲ. ಕಲ್ಲಿನಂತೆ ಹೆಪ್ಪುಗಟ್ಟಿದ ಮೀನನ್ನು ತೆಳ್ಳಗೆ ಹೆರೆದು ಉಪ್ಪು ಹಚ್ಚಿ ಹಾಗೇ ಬಾಯಿಗಿಡಬೇಕು. ಅದರ ರುಚಿ ನಾಲಿಗೆಗೆ ಗೊತ್ತಿದೆ, ಎಲ್ಲಿ ತಿಂದೆನೋ ಗೊತ್ತಿಲ್ಲ. ಸಾತ್ವಿಕ್ ಕೈ ಹಿಡಿದು ಎಳೆದುಕೊಂಡು ಬಂದ. ಮನೆಗೆ ಬಂದು ಅತ್ತುಬಿಟ್ಟೆ, ಯಾಕೆಂದು ನನಗೂ ತಿಳಿಯಲಿಲ್ಲ.

ಚಳಿಯೂ ಆಗುತ್ತಿಲ್ಲ. ಎಲ್ಲರೂ ಹೀಟರ್ ಹಾಕಿದರೆ ನಾನು ಕಿಟಕಿ ತೆರೆಯುತ್ತೇನೆ.

ಯಾಮಿನಿ


ಸಟನ್ ಕೋಲ್ಡ್‌ಫೀಲ್ಡ್
೧೪ ಮೇ ೨೦೨೨

ನನ್ನ ಚಿನ್ನದಂಥ ಮಗಳಿಗೆ,

ಅತ್ತುಬಿಟ್ಟೆ. ಎರಡು ಸಲ.

ಡಾಕ್ಟರಾಗಿ ಹೇಳುತ್ತೇನೆ, ಹಸಿ ಮೀನು ಬೇಡ, ಬಸುರಿಯರಿಗೆ ಅದರಿಂದ ಸೋಂಕು ತಗಲುತ್ತದೆ. ಬೇಯಿಸಿದ್ದು ತಿನ್ನು, ನಮ್ಮ ಮಡಿ ಮೈಲಿಗೆಯೆಲ್ಲ ನಾನು ನೋಡಿಕೊಳ್ಳುತ್ತೇನೆ. ಬಯಕೆಗೆ ಅರ್ಥ ಹುಡುಕಬೇಡ. ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಅಮ್ಮ ಗೋಡೆಯ ಸುಣ್ಣ ಕೆರೆದು ನೆಕ್ಕಿದವಳು.

ಈಗ ನಗಬೇಡ. ನಿನ್ನ ಮೊದಲ ಕಾಗದ ಬಂದಾಗಿನಿಂದ ನಾನು ಒಂದು ಆಸೆ ಇಟ್ಟುಕೊಂಡಿದ್ದೇನೆ. ನಿನ್ನ ಅಮ್ಮ, ನನ್ನ ಕೌಸಲ್ಯಾ ಬರುತ್ತಾಳೆ. ಆ ಕಾಡಿನವರದೇನು ಹೊಸ ಮಾತಲ್ಲ, ಧಾರವಾಡದ ಕಡೆ ಮನೆಯಲ್ಲಿ ಹೆಣ್ಣು ಹುಟ್ಟಿದರೆ “ನಮ್ಮವ್ವ ಹೊಳ್ಳಿ ಬಂದ್ಲು” ಎನ್ನುವುದನ್ನು ಕೇಳುತ್ತಲೇ ಬೆಳೆದವನು ನಾನು. ಇಷ್ಟು ವರ್ಷ ಜನರನ್ನು ಮಲಗಿಸಿ ಎಬ್ಬಿಸಿದವನು ಇಂಥದ್ದನ್ನು ನಂಬಬಾರದು. ನಂಬುತ್ತೇನೆ. ಅವಳು ಹೋದ ಮೇಲೆ ಈ ಮನೆಯಲ್ಲಿ ನಾನು ಎಷ್ಟು ಒಬ್ಬನಾಗಿದ್ದೇನೆ ಎಂದು ನಿನಗೆ ಯಾವತ್ತೂ ಹೇಳಿಲ್ಲ, ಈಗಲೂ ಪೂರ್ತಿ ಹೇಳುವುದಿಲ್ಲ.

ನಿವೃತ್ತಿಗೆ ಅರ್ಜಿ ಕೊಟ್ಟೆ. ಮಾಳಿಗೆಯಿಂದ ನಿನ್ನ ತೊಟ್ಟಿಲು ಇಳಿಸಿ ಒರೆಸಿಟ್ಟಿದ್ದೇನೆ. ಹೆಸರು ಕೌಸಲ್ಯಾ. ಸಾತ್ವಿಕನ ಮನೆಯವರು ಬೇಕಾದರೆ ಇನ್ನೊಂದು ಹೆಸರು ಸೇರಿಸಿಕೊಳ್ಳಲಿ.

ಅಪ್ಪ


ಫಾಲೋಫೀಲ್ಡ್
೨೧ ಆಗಸ್ಟ್ ೨೦೨೨

ಅಪ್ಪನಿಗೆ,

ಮಗು ಒದೆಯುತ್ತದೆ. ಸ್ಕ್ಯಾನಿನಲ್ಲಿ ಎಲ್ಲ ಸರಿಯಿದೆ, ಹೆಣ್ಣು.

ಒಂದು ವಿಷಯ ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಮಗು ಮೊದಲ ಸಲ ಅಲುಗಾಡಿದ್ದು ಬಸ್ಸಿನಲ್ಲಿ, ಅಜ್ಜಿಯ ಟೇಪು ಕೇಳುತ್ತಿದ್ದಾಗ. ನಾನು ಎಂದಿನಂತೆ ಎಪಿಯೆ ಎಂದೆ. ಹೊಟ್ಟೆಯೊಳಗೆ ಯಾರೋ ಮಗ್ಗುಲು ಬದಲಿಸಿದಂತಾಯಿತು. ಅದೇ ಗಳಿಗೆಗೆ ಕಿವಿಯಲ್ಲಿ ಏನೋ ನಿಂತಿತು.

ಅವಳ ದನಿ ಹಾಗೇ ಇದೆ. ಸೌದೆಯೂ ಉರಿಯುತ್ತದೆ. ಆದರೆ ನಡುವಿನ ಬಿಡುವಿನಲ್ಲಿ ಈಗ ಯಾರೂ ಇಲ್ಲ ಅಪ್ಪ. ನಾನು ಮಾತಾಡಿದರೆ ಕೇಳಿಸಿಕೊಳ್ಳುವವರಿಲ್ಲ. ಬೀಗ ಹಾಕಿದ ಮನೆಯ ಬಾಗಿಲು ತಟ್ಟಿದ ಹಾಗಿದೆ. ಮತ್ತೆ ಮತ್ತೆ ಹಾಕಿ ಕೇಳಿದೆ. ಬರೀ ಟೇಪು.

ನಿಮಗೆ ಇದು ಹುಚ್ಚೆನಿಸಿದರೆ ಹಾಗೇ ಇರಲಿ. ತೊಟ್ಟಿಲಿಗೆ ಹೊಸ ಬಣ್ಣ ಹಚ್ಚಬೇಡಿ, ವಾಸನೆ.

ಯಾಮಿನಿ


ಸಟನ್ ಕೋಲ್ಡ್‌ಫೀಲ್ಡ್
೧೩ ಜನವರಿ ೨೦೨೪

ಚಿ. ಯಾಮಿನಿಗೆ ಆಶೀರ್ವಾದಗಳು.

ಮಗುವಿನ ಚಿಂತೆ ಬಿಟ್ಟು ಥೀಸಿಸ್ ಮುಗಿಸು. ಫೆಬ್ರವರಿ ಕೊನೆಯ ತನಕ ಪುಟ್ಟ ಕೌಸಲ್ಯಾ ನನ್ನ ಹತ್ತಿರ ರಾಣಿಯಂತೆ ಇರುತ್ತಾಳೆ. ಸಾತ್ವಿಕ್ ವಾರಕ್ಕೆರಡು ಸಲ ಲಫ್‌ಬರೋದಿಂದ ಬಂದು ನೋಡಿ ಹೋಗುತ್ತಾನೆ.

ಇನ್ನೂ ಮಾತಿಲ್ಲ. ಹದಿನಾಲ್ಕು ತಿಂಗಳಿಗೆ ಅದೇನು ದೊಡ್ಡದಲ್ಲ. ಕೌಸಲ್ಯಾ ಎಂದು ಕರೆದರೆ ತಿರುಗಿ ನೋಡುವುದಿಲ್ಲ. ಕಿವಿ ಪರೀಕ್ಷಿಸಿದೆ, ಚುರುಕಾಗಿದೆ. ನಿನ್ನ ಅಮ್ಮನ ಬಳೆ, ಕನ್ನಡಕ, ಆ ಹಸಿರು ಶಾಲು ಎಲ್ಲ ಮುಂದಿಟ್ಟು ನೋಡಿದೆ. ಬೇರೆಯವರ ಮನೆಯ ಸಾಮಾನು ನೋಡಿದ ಹಾಗೆ ನೋಡಿ ಎದ್ದು ಹೋದಳು. ಇಡೀ ದಿನ ಹಿತ್ತಲ ಬಾಗಿಲ ಗಾಜಿಗೆ ಕೆನ್ನೆ ಒತ್ತಿ ಕೂರುತ್ತಾಳೆ. ಹಿಮ ಬಿದ್ದ ದಿನ ಮಾತ್ರ ನಕ್ಕಳು. ನನಗೆ ಸ್ವಲ್ಪ ನಿರಾಸೆಯಾಗಿತ್ತು, ಮುಚ್ಚಿಡುವುದೇಕೆ.

ಆದರೆ ಈ ವಾರ ಗುರುತು ಸಿಕ್ಕಿತು. ನಡುಮನೆಯಲ್ಲಿ ಚಳಿ ಕಾಯಿಸಿಕೊಳ್ಳುವ ಗ್ಯಾಸ್ ಬೆಂಕಿಯ ಹತ್ತಿರ ತಟ್ಟೆ ಇಟ್ಟು ಕೂರಿಸಿದ್ದೆ. ಮೊಸರನ್ನ. ಮೊದಲ ತುತ್ತನ್ನು ತೆಗೆದು ಬೆಂಕಿಯತ್ತ ಎಸೆದಳು. ಆಟ ಎಂದುಕೊಂಡೆ. ಮರುದಿನವೂ ಅದೇ. ರೊಟ್ಟಿಯೋ ಬಾಳೆಹಣ್ಣೋ, ಮೊದಲ ಚೂರು ಬೆಂಕಿಗೆ, ಆಮೇಲೇ ಬಾಯಿಗೆ. ನಿನ್ನ ಅಮ್ಮನ ಅವ್ವ ಧಾರವಾಡದ ಮನೆಯಲ್ಲಿ ಹೀಗೇ ಮೊದಲ ರೊಟ್ಟಿ ಮುರಿದು ಒಲೆಗೆ ಹಾಕುತ್ತಿದ್ದರು, ನಾನೇ ಕಣ್ಣಾರೆ ಕಂಡಿದ್ದೇನೆ. ಇದು ಬೇರೆ ಯಾರಿಂದ ಬರಬೇಕು ಹೇಳು. ಶೋಭಾ ಕೂಡ ನೋಡಿ, “ಯಾರೋ ಹಳೇ ಕಾಲದವ್ರು ಬಂದಂಗಿದೆ ಡಾಕ್ಟ್ರೇ” ಎಂದರು.

ಬಂದಿದ್ದಾಳೆ, ಯಾಮಿನಿ. ನಿನ್ನ ಅಮ್ಮ ಬಂದಿದ್ದಾಳೆ. ನಿನಗೂ ಹಾಗನಿಸುತ್ತದೆಯೇ? ಒಂದು ಸಾಲು ಬರೆ.

ಅಪ್ಪ


ಫಾಲೋಫೀಲ್ಡ್
೩ ಫೆಬ್ರವರಿ ೨೦೨೪

ಅಪ್ಪನಿಗೆ,

ತಡವಾಯಿತು, ಕ್ಷಮಿಸಿ. ಮೂರು ಸಲ ಬರೆದು ಹರಿದೆ.

ಹೌದು ಅಪ್ಪ. ಅಮ್ಮನೂ ಮೊದಲ ರೊಟ್ಟಿಯನ್ನು ಹಾಗೇ ಬೆಂಕಿಗೆ ಹಾಕುತ್ತಿದ್ದಳು. ನನಗೆ ನೆನಪಿದೆ.

ನನ್ನ ಹಳೆಯ ಲ್ಯಾಪ್‌ಟಾಪ್ ಮೇಲಿನ ಕೋಣೆಯಲ್ಲಿದೆ. ಅದನ್ನು ಮಗುವಿನ ಮುಂದೆ ತೆರೆಯಬೇಡಿ. ಅದರಲ್ಲಿ ರೆಕಾರ್ಡಿಂಗುಗಳಿವೆ.

ಆದಷ್ಟು ಬೇಗ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ.

ಯಾಮಿನಿ


ಸಟನ್ ಕೋಲ್ಡ್‌ಫೀಲ್ಡ್
೧೧ ಫೆಬ್ರವರಿ ೨೦೨೪

ಚಿ. ಯಾಮಿನಿಗೆ ಅಪ್ಪನ ಆಶೀರ್ವಾದಗಳು.

ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಅದನ್ನು ನಿನ್ನ ಅಮ್ಮ ಕಲಿಸಲಿಲ್ಲ. ಕೌಸಲ್ಯಾ ಮೊದಲ ರೊಟ್ಟಿಯನ್ನು ಯಾವ ಬೆಂಕಿಗೂ ಹಾಕಿದವಳಲ್ಲ. ಒಲೆಯ ಮುಂದೆ ನಿಂತುಕೊಂಡೇ, ಬೆಣ್ಣೆ ಸವರಿ, ಯಾರಿಗೂ ಹೇಳದೆ ತಾನೇ ತಿನ್ನುತ್ತಿದ್ದಳು. ಮೂವತ್ತೆರಡು ವರ್ಷ ನಾನು ಎರಡನೆಯ ರೊಟ್ಟಿ ತಿಂದವನು. ಅದು ಗೊತ್ತಿದ್ದೂ ನಾನು ಅವಳ ಅವ್ವನ ತನಕ ಹೋಗಿ ಗುರುತು ಹುಡುಕಿದೆ. ನೀನು ನನ್ನ ಆಸೆ ಮುರಿಯಲಾರದೆ ಹಾಗೆ ಬರೆದೆ. ಕಾಗದ ಓದಿ ನಿನ್ನ ಮೊದಲ ಕಾಗದವನ್ನೂ ತೆಗೆದು ಓದಿದೆ. ಬೆಂಕಿಯೊಳಗಿನ ಅಜ್ಜಿಯ ಮಾತು ಅಲ್ಲೇ ಇತ್ತು.

ಲ್ಯಾಪ್‌ಟಾಪ್ ತೆರೆದೆ. ಬೇಡವೆಂದು ನೀನು ಬರೆಯದಿದ್ದರೆ ಅದರ ನೆನಪೂ ನನಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಮಗು ಗಾಜಿನ ಬಾಗಿಲ ಹತ್ತಿರ ಕೂತಿತ್ತು. ನಾನು ಅಡಿಗೆಮನೆಯ ಮೇಜಿನ ಮೇಲೆ ಟೇಪು ಹಾಕಿದೆ. ಮೊದಲ ಮಾತಿಗೇ ಎದ್ದು ಬಂದಳು. ನಡೆದು ಬಂದ ರೀತಿ ಬೇರೆಯಾಗಿತ್ತು, ಕರೆದವರ ಕಡೆ ಹೋಗುವ ನಡಿಗೆ. ಕುರ್ಚಿಯ ಕಾಲು ಹಿಡಿದು ನಿಂತು ಕೇಳಿದಳು. ಮುದುಕಿ ಒಂದು ಮಾತು ಹೇಳಿ ಸುಮ್ಮನಾದಳು. ಆಗ ಮಗು ಬಾಯಿ ತೆರೆಯಿತು. ತೊದಲಿಲ್ಲ, ತಡವರಿಕೆಯಿಲ್ಲ. ನಿಧಾನವಾಗಿ, ದಣಿದವರ ಹಾಗೆ, ಉದ್ದಕ್ಕೆ ಏನೋ ಹೇಳಿದಳು. ಅವಳು ಮುಗಿಸಿದ ಮೇಲೆ ಟೇಪಿನ ಮುದುಕಿ ಅದನ್ನೇ ಹೇಳಿದಳು, ಅಕ್ಷರಕ್ಕೆ ಅಕ್ಷರ. ಮುಂದಿನ ಮಾತೂ ಹಾಗೇ. ಪ್ರತಿ ಬಿಡುವಿನಲ್ಲೂ ಮೊದಲು ಮಗು, ಆಮೇಲೆ ಟೇಪು. ನಾನು ಟೇಪು ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಮಾತಾಡಿದಳು.

ಎಚ್ಚರವಾಗುವಾಗ ಯಾವ ಮಾತು ಮೊದಲು ಬರುತ್ತದೆ ಎಂದು ನಾನೇ ನಿನಗೆ ಬರೆದಿದ್ದೆ. ಜೀವಮಾನವಿಡೀ ನೋಡಿದ್ದನ್ನು ಈಗ ಅಲ್ಲಗಳೆಯಲಾರೆ.

ಕೌಸಲ್ಯಾ ಬಂದಿಲ್ಲ. ಬರುವುದಿಲ್ಲ. ಮೂರು ದಿನ ಅತ್ತೆ ಯಾಮಿನಿ, ಅವಳು ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಮಗುವನ್ನು ಎತ್ತಿಕೊಳ್ಳಲೂ ಹೆದರಿದೆ, ಅದನ್ನೂ ಹೇಳಿಬಿಡುತ್ತೇನೆ. ಶೋಭಾ ಬಂದು ಉಣಿಸಿ ಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗುರುತಿಲ್ಲದ ಮನೆಯಲ್ಲಿ, ಗುರುತಿಲ್ಲದ ಮಾತಿನ ನಡುವೆ, ಎಲ್ಲರೂ ಬೇರೆ ಯಾರದೋ ಹೆಸರಿನಿಂದ ಕರೆದರೂ ಅವಳು ಅಳಲಿಲ್ಲ. ಇಷ್ಟೊಂದು ದೂರ ಬಂದದ್ದು ನಾವು ಕರೆದೆವೆಂದು. ನೀನೇ ಕರೆದದ್ದು. ನಿನ್ನ ಅಮ್ಮ ಕಲಿಸಿದ ಹಾಗೇ ಕರೆದೆ. ಆಕೆ ಇದ್ದಿದ್ದರೆ ಮನೆಗೆ ಬಂದವರನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸುತ್ತಿರಲಿಲ್ಲ, ನನ್ನನ್ನು ಬೈದು ಒಳಗೆ ಓಡಿಸುತ್ತಿದ್ದಳು.

ಅವಳನ್ನು ಕರೆದುಕೊಂಡು ಹೋಗಲು ಗಡಿಬಿಡಿ ಮಾಡಬೇಡ. ಥೀಸಿಸ್ ಮುಗಿಸಿ ಬಾ.

ಇವತ್ತು ಮಧ್ಯಾಹ್ನ ನಾನೇ ತಟ್ಟೆ ಹಾಕಿದೆ. ಅನ್ನ, ತೊವ್ವೆ, ಪಕ್ಕದಲ್ಲಿ ಒಂದು ಚೂರು ಬೇಯಿಸಿದ ಮೀನು, ಹೊರಗಿನಿಂದ ತಂದದ್ದು. ಗ್ಯಾಸ್ ಬೆಂಕಿ ಹಚ್ಚಿ ಅದರ ಮುಂದೆ ನೆಲದ ಮೇಲೆ ಅವಳ ಎದುರಿಗೆ ಕೂತೆ. ನೀನು ಬರೆದಿದ್ದ ಆ ಒಂದೇ ಮಾತು ನನಗೆ ಬರುತ್ತದೆ. ಎಪಿಯೆ, ಎಂದೆ.

ಅವಳು ತಲೆ ಎತ್ತಿ ನೋಡಿದಳು. ಈ ಮನೆಗೆ ಬಂದ ಮೇಲೆ ಕರೆದದ್ದಕ್ಕೆ ಮೊದಲ ಸಲ ತಿರುಗಿ ನೋಡಿದ್ದು. ಮೊದಲ ತುತ್ತು ಬೆಂಕಿಗೆ ಹಾಕಿದಳು. ಎರಡನೆಯ ತುತ್ತನ್ನು ತಾನು ತಿನ್ನಲಿಲ್ಲ, ಪುಟ್ಟ ಕೈ ಚಾಚಿ ನನ್ನ ಬಾಯಿಗಿಟ್ಟಳು. ಏನೋ ಕೇಳಿದಳು, ಟೇಪಿನಲ್ಲಿ ಬಹಳ ಹೊತ್ತು ಸೌದೆಯ ಸದ್ದು ಬರುವ ಮುಂಚಿನ ಮಾತಿನ ಹಾಗಿತ್ತು. ಆಮೇಲೆ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಾ ಕಾದಳು.

ಇನ್ನೂ ಕಾಯುತ್ತಿದ್ದಾಳೆ. ನಾನು ಏನು ಹೇಳಬೇಕು ಎಂದು ಬೇಗ ಬರೆ.

ನಿನ್ನ ಅಪ್ಪ,
ಜಗದೀಶ